ಸಹಾಯ ಬೇಕು: ಸಾಣಾಪುರ ಕೆರೆಯ ಬಳಿ ಟೆಂಟ್ ಹಾಕಲು ನೆರಳಿನ ಜಾಗ

ಎಲ್ಲರಿಗೂ ನಮಸ್ಕಾರ. ಪ್ರತಿ ಬೇಸಿಗೆ ರಜೆಯಲ್ಲಿ ನಮ್ಮ ಮನೆಯವರೆಲ್ಲ ಸೇರಿ, ತುಂಗಭದ್ರಾ ಎಡದಂಡೆ ಕಾಲುವೆಯ ನೀರು ನಿಲ್ಲುವ ಸಾಣಾಪುರ ಕೆರೆಯ ಬಳಿ ಎರಡು ರಾತ್ರಿ ಟೆಂಟ್ ಹಾಕಿ ತಂಗುವುದು ರೂಢಿ. ಅಜ್ಜಿ ಅರಿಶಿನ, ಕುಂಕುಮ ಏರಿಸಿ ಗಂಗಮ್ಮನನ್ನು ಪೂಜಿಸಿದ ನಂತರವೇ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿ ಬಿಚ್ಚುತ್ತೇವೆ. ಸಂಜೆ ಬಂಡೆಯ ಮೇಲೆ ಇದ್ದಿಲಿನಿಂದ ಮನೆ ಬರೆದು, ಹುಣಸೆ ಬೀಜ ಉರುಳಿಸಿ ಚೌಕಾಬಾರ ಆಡುತ್ತೇವೆ. (ಅಜ್ಜಿ ಕಾಯಿ ಕದಿಯುವುದೂ ಸಂಪ್ರದಾಯವೇ.)

ಕಳೆದ ವರ್ಷ ಹಗಲೆಲ್ಲ ಕಾದ ಬಂಡೆಗಳು ನಡುರಾತ್ರಿಯವರೆಗೂ ಝಳ ಹೊಡೆದು, ಮಕ್ಕಳು ಕಣ್ಣು ಮುಚ್ಚಲಿಲ್ಲ. ಆದ್ದರಿಂದ ಈ ಸಲ ಮೇ ಮೊದಲ ವಾರದಲ್ಲಿ 11 ಜನರು ತಂಗಲು, ಬಂಡೆಗಳಿಂದ ದೂರವಿದ್ದು ಮರದ ನೆರಳು, ಕುಡಿಯುವ ನೀರು ಹಾಗೂ ಶೌಚಾಲಯವಿರುವ ತೋಟವನ್ನು ಬಾಡಿಗೆಗೆ ಕೊಡುವವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ. ಒಲೆ ಹೂಡಲು ಅವರ ಒಪ್ಪಿಗೆಯೂ ಬೇಕು.