ಹೇರ್ ಟ್ರಾನ್ಸ್‌ಪ್ಲಾಂಟ್ ಆಗಿ ಎರಡು ತಿಂಗಳು, ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನನಗೆ 31 ವರ್ಷ, ಊರು ದಾವಣಗೆರೆ. ಬೆಂಗಳೂರಿನಲ್ಲಿ ಎಫ್‌ಯುಇ (ಕೂದಲನ್ನು ಬೇರುಸಮೇತ ಒಂದೊಂದಾಗಿ ತೆಗೆದು ಬೇರೆ ಕಡೆ ನೆಡುವ ವಿಧಾನ) ಮಾಡಿಸಿಕೊಂಡೆ, 2,400 ಗ್ರಾಫ್ಟ್, ಅಂದರೆ ಬೇರುಸಮೇತ ಕೂದಲಿನ ಸಣ್ಣ ಗುಚ್ಛಗಳು. ನೆಟ್ಟ ಕೂದಲು ಮೂರನೇ ವಾರದಿಂದ ಉದುರಿತು. ಅದು ಸಹಜ, ಬೇರು ಒಳಗೇ ಇರುತ್ತೆ, ಮೂರು ನಾಲ್ಕು ತಿಂಗಳಿಗೆ ಮತ್ತೆ ಬರುತ್ತೆ ಅಂತ ಡಾಕ್ಟರ್ ಮೊದಲೇ ಹೇಳಿದ್ದರು. ಅದರ ಚಿಂತೆ ಇಲ್ಲ.

ಭಯ ಇರೋದು ನೆತ್ತಿಯ ಹಳೇ ಕೂದಲಿನದು. ಬೆಳಿಗ್ಗೆ ದಿಂಬಿನ ಬಿಳಿ ಕವರ್ ಮೇಲೆ ಇಪ್ಪತ್ತು ಮೂವತ್ತು ಎಳೆ ಸಿಗುತ್ತಿವೆ. ನೋಡಿದರೆ ಹೊಟ್ಟೆ ಉರಿಯುತ್ತೆ. ಕೂದಲು ಬೆಳೆಯೋಕೆ ಹಚ್ಚುವ ಔಷಧಿ 5% ಮಿನಾಕ್ಸಿಡಿಲ್ ದಿನಾ ಹಚ್ಚುತ್ತಿದ್ದೇನೆ. ಹಾರ್ಮೋನ್ ಮೇಲೆ ಕೆಲಸ ಮಾಡಿ ಕೂದಲು ಉದುರೋದನ್ನು ತಡೆಯುವ ಫಿನಾಸ್ಟರೈಡ್ 1 ಮಿ.ಗ್ರಾಂ ಮಾತ್ರೆಯನ್ನೂ ಬರೆದುಕೊಟ್ಟಿದ್ದಾರೆ, ಇನ್ನೂ ಶುರು ಮಾಡಿಲ್ಲ. ಮುಂದಿನ ವರ್ಷ ಮಗು ಬೇಕು ಅಂತಿದ್ದೇವೆ, ಹೆಂಡತಿಗೆ ಈ ಮಾತ್ರೆ ಅಂದರೆ ಹೆದರಿಕೆ.

ವರ್ಷಗಟ್ಟಲೆ ತಗೊಂಡವರು ಯಾರಾದರೂ ಇದ್ದೀರಾ? ತೊಂದರೆ ಆಯ್ತಾ? ನಡುವೆ ನಿಲ್ಲಿಸಿದಾಗ ಏನಾಯ್ತು? ಡಾಕ್ಟರನ್ನೂ ಕೇಳುತ್ತೇನೆ. ಈರುಳ್ಳಿ ರಸದ ಸಲಹೆ ಮಾತ್ರ ದಯವಿಟ್ಟು ಬೇಡ.