ಏಪ್ರಿಲ್ ಮುಗಿಯುತ್ತಾ ಬಂತು, ಬಲೂನ್ ಹೂವಿನ ಗಿಡ ಚಿಗುರಿಲ್ಲ. ಸತ್ತೇ ಹೋಯಿತಾ?

ಹಿತ್ತಲಹುಚ್ಚಿ (ಏಪ್ರಿಲ್ 26)
ನಮಸ್ಕಾರ. ನಾವಿರುವುದು ನ್ಯೂಜೆರ್ಸಿಯಲ್ಲಿ. ಹೋದ ಜೂನ್‌ನಲ್ಲಿ ನೀಲಿ ಬಲೂನ್ ಹೂವಿನ ಎರಡು ಗಿಡ ನೆಟ್ಟಿದ್ದೆ. ಜುಲೈ ಪೂರ್ತಿ ಹೂವೋ ಹೂವು. ಉಬ್ಬಿದ ಮೊಗ್ಗನ್ನು ಮಗಳು ಒತ್ತಿ ಪಟ್ ಅನ್ನಿಸುತ್ತಿದ್ದಳು, ನಾವು ಊರಲ್ಲಿ ನೀರುಕಾಯಿ ಮೊಗ್ಗು ಹಿಂಡುತ್ತಿದ್ದ ಹಾಗೆ. ನವೆಂಬರ್‌ನಲ್ಲಿ ಒಣಗಿದ ಮೇಲೆ ನೆಲಮಟ್ಟಕ್ಕೆ ಕತ್ತರಿಸಿದೆ. ಈಗ ಪಕ್ಕದ ಹೋಸ್ಟಾ, ಪಿಯೋನಿ ಗೇಣುದ್ದ ಬಂದಿವೆ. ಇಲ್ಲಿ ಮಾತ್ರ ಬರೀ ಮಣ್ಣು. ಅಗೆದು ಬೇರೆ ಏನಾದರೂ ಹಾಕಲಾ?

ಮಣ್ಣುಗೈ
ಗುದ್ದಲಿ ಕೆಳಗಿಡಿ ಮೇಡಂ! ಇದು ಸೋಮಾರಿ ಗಿಡ. ಮಣ್ಣು ಬೆಚ್ಚಗಾಗುವ ತನಕ ಏಳುವುದಿಲ್ಲ, ಕೆಲವು ಸಲ ಮೇ ಮಧ್ಯದ ತನಕ ಕಾಯಬೇಕು. ನಾನೂ ಮೊದಲ ವರ್ಷ ಸತ್ತಿದೆ ಅಂತ ಅಗೆದೆ. ತಾಯಿಬೇರು ಮೂಲಂಗಿ ಹಾಗೆ ಲಟಕ್ ಅಂತ ಮುರಿದು ಬಿಳಿ ಹಾಲು ಒಸರಿತು. ಜೀವಂತ ಇದ್ದದ್ದನ್ನು ನಾನೇ ಕೊಂದೆ.
ಅನುಮಾನ ಇದ್ದರೆ ಬೆರಳಲ್ಲೇ ಒಂದೆರಡು ಇಂಚು ಮಣ್ಣು ಸರಿಸಿ ಬೇರಿನ ತಲೆ ಮುಟ್ಟಿ ನೋಡಿ. ಗಟ್ಟಿ ಇದ್ದರೆ ಮಣ್ಣು ಮುಚ್ಚಿ ಸುಮ್ನೆ ಬಿಡಿ.

ಹಿತ್ತಲಹುಚ್ಚಿ (ಏಪ್ರಿಲ್ 28)
ನೋಡಿದೆ. ಒಂದು ಗಟ್ಟಿ ಇದೆ, ತುದಿಯಲ್ಲಿ ಅಕ್ಕಿಕಾಳಿನಷ್ಟು ನೇರಳೆ ಮೊಳಕೆ! ಇನ್ನೊಂದು ಕೊಳೆತ ಬಾಳೆಹಣ್ಣಿನ ಹಾಗೆ, ವಾಸನೆ ಬೇರೆ. ಅದು ಸೂರಿನ ನೀರಿನ ಪೈಪ್ ಬಾಯಿಯ ಹತ್ತಿರ ಇತ್ತು. ಚಳಿಗೆ ಹೋಯಿತಾ?

ಮಣ್ಣುಗೈ
ಚಳಿಗಲ್ಲ, ನೀರಿಗೆ. ಕೊರಿಯಾ, ಜಪಾನ್, ಉತ್ತರ ಚೀನಾದ ಗಿಡ ಇದು, ಹಿಮಕ್ಕೆಲ್ಲ ಹೆದರುವುದಿಲ್ಲ. ಚಳಿಗಾಲದಲ್ಲಿ ಜೇಡಿಮಣ್ಣಲ್ಲಿ ನೀರು ನಿಂತರೆ ಮಾತ್ರ ಬೇರು ಕೊಳೆಯುತ್ತದೆ. ಹೊಸದನ್ನು ಬಿಸಿಲಿರುವ ಕಡೆ, ಅರ್ಧ ಅಡಿ ಎತ್ತರದ ಮಡಿ ಮಾಡಿ ಕಾಂಪೋಸ್ಟ್ ಬೆರೆಸಿ ನೆಡಿ. ಜಾಗ ಯೋಚಿಸಿ ಆರಿಸಿ, ಆಮೇಲೆ ಕಿತ್ತು ಬೇರೆಡೆ ನೆಟ್ಟರೆ ಇದಕ್ಕೆ ಆಗಿಬರುವುದಿಲ್ಲ. ಅಂದಹಾಗೆ ಕೊರಿಯಾದವರು ಈ ಬೇರನ್ನೇ ದೊರಾಜಿ ಅಂತ ಪಲ್ಯ ಮಾಡಿ ತಿನ್ನುತ್ತಾರೆ. ನಿಮ್ಮದು ಈಗ ಅದಕ್ಕೂ ಬಾರದು ಬಿಡಿ.

ಕುಂಡದಕೃಷಿಕ
ಮಧ್ಯೆ ಬಾಯಿ ಹಾಕುತ್ತಿದ್ದೇನೆ. ಬೆಂಗಳೂರಲ್ಲಿ ಟೆರೇಸ್ ಮೇಲೆ ಬೀಜ ಹಾಕಿ ತಿಂಗಳಾಯಿತು, ಒಂದೂ ಹುಟ್ಟಿಲ್ಲ.

ಮಣ್ಣುಗೈ
ಮಣ್ಣು ಮುಚ್ಚಿದ್ದೀರಾ ಸಾರ್? ಈ ಬೀಜಕ್ಕೆ ಬೆಳಕು ಬೇಕು. ಒದ್ದೆ ಮಣ್ಣಿನ ಮೇಲೆ ಉದುರಿಸಿ ಮೆಲ್ಲಗೆ ಒತ್ತಿದರೆ ಸಾಕು, ಎರಡು ಮೂರು ವಾರ ಕಾಯಿರಿ. ಆದರೆ ನಿಮ್ಮಲ್ಲಿ ಅದಕ್ಕೆ ಬೇಕಾದ ಚಳಿ ಇಲ್ಲ. ವರ್ಷ ವರ್ಷ ಬರುತ್ತದೆ ಅಂತ ನಂಬಬೇಡಿ, ಮಧ್ಯಾಹ್ನದ ಬಿಸಿಲಿಗೆ ನೆರಳು ಕೊಡಿ.

ಹಿತ್ತಲಹುಚ್ಚಿ (ಮೇ 13)
ಬಂತು ಬಂತು! ಐದು ಚಿಗುರು, ನೇರಳೆ ಬಣ್ಣ. ಹೋದ ವರ್ಷ ಎರಡಡಿ ಬೆಳೆದು ಮಳೆಗೆ ಅಡ್ಡ ಬಿದ್ದಿತ್ತು. ಈ ಸಲ ಏನು ಮಾಡಲಿ?

ಮಣ್ಣುಗೈ
ಗೇಣುದ್ದ ಆದಾಗ ಕುಡಿ ಚಿವುಟಿ. ಹೂವು ಸ್ವಲ್ಪ ತಡ ಆಗುತ್ತದೆ, ಆದರೆ ಗಿಡ ಗಿಡ್ಡಕ್ಕೆ ಕವಲೊಡೆಯುತ್ತದೆ. ಬಾಡಿದ ಹೂವನ್ನಷ್ಟೇ ಕಿತ್ತುಹಾಕಿ, ಕಾಂಡ ಕತ್ತರಿಸಬೇಡಿ. ಅದೇ ಕಾಂಡದಲ್ಲಿ ಇನ್ನೂ ಮೊಗ್ಗು ಬರುತ್ತವೆ. ನವೆಂಬರ್‌ನಲ್ಲೂ ನಾಲ್ಕು ಬೆರಳು ಕಾಂಡ ಬಿಟ್ಟೇ ಕತ್ತರಿಸಿ, ಗಿಡ ಎಲ್ಲಿದೆ ಅಂತ ವಸಂತದಲ್ಲಿ ಅದೇ ಗುರುತು.

ಹಿತ್ತಲಹುಚ್ಚಿ
ಸರಿ ಸಾರ್. ಮಗಳು ಈಗಲೇ ಐಸ್‌ಕ್ರೀಂ ಕಡ್ಡಿ ಮೇಲೆ "ಅಗೆಯಬೇಡ ಅಮ್ಮ" ಅಂತ ಬರೆದು ಚುಚ್ಚಿದ್ದಾಳೆ.