ಕಾಶಿ ಕಣಗಿಲೆಯೊಳಗಿನ ‘ಕಾಶಿ’ ಯಾವುದು?

ಎಲ್ಲರಿಗೂ ನಮಸ್ಕಾರ. ಕೈತೋಟದ ಮೇಲಿನ ಇಂಗ್ಲಿಷ್ ಬರಹವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಪೆರಿವಿಂಕಲ್’ ಬಂದ ಕಡೆ ಕಣ್ಣುಮುಚ್ಚಿ ‘ನಿತ್ಯಪುಷ್ಪ’ ಅಂತ ಬರೆದೆ. ಎರಡು ಸಾಲು ದಾಟಿದರೆ, ಇದು ಗೆಣ್ಣುಗೆಣ್ಣಿಗೆ ಬೇರು ಬಿಟ್ಟು ಮರದ ನೆರಳಲ್ಲಿ ನೆಲ ಮುಚ್ಚುತ್ತದೆ, ನೀಲಿ ಹೂ ಬಿಡುತ್ತದೆ ಅಂತಿದೆ. ಧಾರವಾಡದ ನಮ್ಮ ಹಿತ್ತಲಿನದು ಬಿಸಿಲು ಬೇಡುವ ಗಿಡ, ಮೊಳಕಾಲೆತ್ತರ ನೆಟ್ಟಗೆ ನಿಲ್ಲುತ್ತದೆ!

ಗಿಡವೇ ಬೇರೆ. ಅದು ಯುರೋಪಿನ ವಿಂಕಾ ಮೈನರ್, ನಮ್ಮದು ಮಡಗಾಸ್ಕರ್ ಮೂಲದ್ದು. ಸಸ್ಯವಿಜ್ಞಾನಿ ಲಿನೇಯಸ್ ಇದನ್ನೂ ವಿಂಕಾ ಎಂದೇ ಕರೆದಿದ್ದ. 1837ರಲ್ಲಿ ಜಾರ್ಜ್ ಡಾನ್ ಎಂಬ ಇನ್ನೊಬ್ಬ ಸಸ್ಯವಿಜ್ಞಾನಿ ಕ್ಯಾಥರಾಂಥಸ್ ಕುಲಕ್ಕೆ ಸೇರಿಸಿದ. ನರ್ಸರಿಯವರು ಮಾತ್ರ ಇವತ್ತಿಗೂ ವಿಂಕಾ ಅಂತಲೇ ಮಾರುತ್ತಾರೆ. ಈ ಗಿಡದಿಂದ ತೆಗೆಯುವ ಕ್ಯಾನ್ಸರ್ ಔಷಧ ವಿನ್‌ಕ್ರಿಸ್ಟಿನ್‌ನಲ್ಲೂ ಹಳೇ ಹೆಸರೇ ಉಳಿದಿದೆ.

ನಮ್ಮ ಓಣಿಯಲ್ಲಿ ಇದಕ್ಕೆ ಸದಾಪುಷ್ಪ ಅನ್ನುವವರಿದ್ದಾರೆ, ಮರಾಠಿ ಮನೆಮಾತಿನ ಕಾಕು ಸದಾಫುಲಿ ಅಂತಾರೆ. ಅವ್ವನ ಬಾಯಲ್ಲಿ ಮಾತ್ರ ‘ಕಾಶಿ ಕಣಗಿಲ’. ನನಗೆ ಇದರ ಮೇಲೇ ಒಲವು. ನಿನ್ನೆ ಇದರ ಹೂವನ್ನೂ ಕಣಗಿಲ ಹೂವನ್ನೂ ಕಿತ್ತು ಅಂಗೈಯಲ್ಲಿ ಇಟ್ಟುಕೊಂಡು ನೋಡಿದೆ: ಐದೈದು ಎಸಳು, ಎರಡರಲ್ಲೂ ಎಸಳು ಒಂದು ಬದಿಗೆ ವಾಲಿ ಗಾಳಿಗಿರಿಗಿಟ್ಟಿಯ ಹಾಗೆ ಹೊರಳಿವೆ. ಸಸ್ಯಶಾಸ್ತ್ರದಲ್ಲೂ ಇವೆರಡೂ ಒಂದೇ ಕುಟುಂಬ, ನಂದಿಬಟ್ಟಲೂ ಅದರೊಳಗೇ. ಇನ್ನು ಕೆಲವು ಕಡೆ ನಿತ್ಯಪುಷ್ಪವನ್ನು ‘ಬಟ್ಟಲ ಹೂ’ ಅನ್ನುವುದೂ ಸುಮ್ಮನೆ ಅಲ್ಲ. ಹೆಸರಿಟ್ಟವರ ಕಣ್ಣು ಚುರುಕಾಗಿತ್ತು.

ಆದರೆ ಕಾಶಿ ಯಾಕೆ? ಸೀಮೆಎಣ್ಣೆ, ಸೀಮೆಸುಣ್ಣದ ‘ಸೀಮೆ’ಯಂತೆ ‘ದೂರದಿಂದ ಬಂದದ್ದು’ ಅನ್ನುವ ಅರ್ಥವೇ? ಅಥವಾ ದೇವರಿಗೆ ಏರಿಸುವ ಹೂವೆಂದೇ? ಗದಗ, ಹಾವೇರಿ ಕಡೆಯವರು ಏನಂತೀರಿ?

ಇನ್ನೊಂದು ತೊಡಕು, ನೆಲ ಮುಚ್ಚಿ ಹಬ್ಬುವ ಗಿಡಗಳಿಗೆ ಹೇಳುವ ‘ಗ್ರೌಂಡ್ ಕವರ್’. ನೆಲಹಾಸು ಅಂದರೆ ಟೈಲ್ಸ್ ಕಣ್ಣಿಗೆ ಬರುತ್ತದೆ. ಹೊದಿಕೆ ಬೆಳೆ ಹೊಲದ ಮಾತು. ತೋಟದ ಕೆಲಸಕ್ಕೆ ಬರುವ ಅಜ್ಜ ಒಂದೆಲಗದ ಬಗ್ಗೆ, “ನೆಲಾ ಹಿಡಕೊಂಡು ಹಬ್ಬತೈತಿ ನೋಡ್ರಿ” ಅಂದ. ಅಲ್ಲಿಂದ ‘ನೆಲಹಬ್ಬು’ ಅಂತ ಕಟ್ಟಿದ್ದೇನೆ, ಕಿವಿಗೆ ಒಗ್ಗುತ್ತದೆಯೇ?

ತಪ್ಪು ಹೆಸರಿನಿಂದ ನಷ್ಟವೂ ಉಂಟು. ಹುಬ್ಬಳ್ಳಿಯ ನಮ್ಮ ಬೀಗರು ಇಂಥದ್ದೇ ಬರಹ ನಂಬಿ, ಎರಿಮಣ್ಣಿನ ಹಿತ್ತಲಲ್ಲಿ ಮಾವಿನ ಗಿಡದ ಬುಡಕ್ಕೆ ನಿತ್ಯಪುಷ್ಪ ಒತ್ತೊತ್ತಾಗಿ ಹಚ್ಚಿದರು. ಶ್ರಾವಣದ ಜಿಟಿಜಿಟಿ ಮಳೆಗೆ ನೀರು ನಿಂತು ಅಷ್ಟೂ ಕೊಳೆತುಹೋದವು. ನಮ್ಮ ಮಸಾರಿಯಲ್ಲಿ, ಅಂದರೆ ನೀರು ಬಸಿದುಹೋಗುವ ಕೆಂಪು ಮಣ್ಣಿನಲ್ಲಿ, ಅದೇ ಗಿಡ ಕಲ್ಲಿನ ಸಂದಿಯಲ್ಲೂ ಹೂ ಬಿಡುತ್ತದೆ.

ಸದ್ಯಕ್ಕೆ ಯುರೋಪಿನದನ್ನು ‘ವಿಂಕಾ ಬಳ್ಳಿ’ ಅಂತ ಬರೆದಿಟ್ಟಿದ್ದೇನೆ. ಇದಕ್ಕಿಂತ ಚಲೋ ಹೆಸರಿದ್ದರೆ ತಿಳಿಸಿರಿ.